ಸಿಟ್ಟಿನ ಗುಳಿಗೆ

ಅಣ್ಣ ಶಶಿಕಾಂತ ತನ್ನ ಹೆಂಡತಿ ಮಹಾದೇವಿ ವೈನಿಯ ತಲೆಯನ್ನು ಗೋಡೆಗೆ ಅಪ್ಪಳಿಸಿದಾಗ ಪಕ್ಕದ ಖೋಲಿಯ ಶೀಲಾವತಿಯಕ್ಕ ನೀರು ತಂದು ಕುಡಿಸಿದ್ದು ಅಣ್ಣನಿಗೆ. ಬೈದದ್ದು ವೈನಿಗೆ.

"ಪಾಪ, ಅವರಿಗೆ ಬಿಪಿ ಉಂಟಲ್ಲ ಮಾರಾಯ್ತಿ. ನೀನಾದರೂ ಸುಮ್ಮನಿರಬಾರದಾ?"

ವೈನಿ ಹಣೆಯ ರಕ್ತ ಒರೆಸಿಕೊಳ್ಳುತ್ತಲೇ ಡಬ್ಬಿಯಿಂದ ಗುಳಿಗೆ ತೆಗೆದು ಅವನ ಬಾಯಿಗೆ ಹಾಕಿದಳು.

ವಿಕ್ರೋಳಿಯ ನಮ್ಮ ಚಾಳಿನಲ್ಲಿ, ಒಂದೊಂದೇ ಕೋಣೆಯ ಆ ಖೋಲಿಗಳ ಸಾಲಿನಲ್ಲಿ, ಎಲ್ಲರೂ ಹೀಗೇ ತಿಳಿದಿದ್ದರು. ಬಿಪಿ ಎಂದರೆ ಸಿಟ್ಟು, ಗುಳಿಗೆ ಎಂದರೆ ಸಿಟ್ಟಿನ ಔಷಧ. ಅಣ್ಣನೂ ಸಿಟ್ಟು ಬಂದ ದಿನ ಮಾತ್ರ ನುಂಗುತ್ತಿದ್ದ, ಕೆಲವೊಮ್ಮೆ ಎರಡೆರಡು. ಉಳಿದ ದಿನ ಡಬ್ಬಿ ಮುಟ್ಟುತ್ತಿರಲಿಲ್ಲ. ಕೊನೆಗೊಂದು ದಿನ ಕಾರ್ಖಾನೆಯಲ್ಲಿ ವೆಲ್ಡಿಂಗ್ ಮಾಡುತ್ತಲೇ ಕುಸಿದುಬಿದ್ದ.

"ಯೇ ಗುಸ್ಸೇ ಕೀ ಗೋಲಿ ಹೈ ಕ್ಯಾ?" ಇದೇನು ಸಿಟ್ಟಿನ ಗುಳಿಗೆಯೇ ಎಂದು ಡಾಕ್ಟರು ಗದರಿದರು. ಸಿಟ್ಟಿರಲಿ, ಬಿಡಲಿ, ದಿನಾ ಬೆಳಗ್ಗೆ ಒಂದೇ. ಮರೆತರೆ ಮರುದಿನ ಎರಡು ನುಂಗುವಂತಿಲ್ಲ.

ಅಂದಿನಿಂದ ಅದು ನನ್ನ ಕೆಲಸವಾಯಿತು. ಅಣ್ಣನ ನಾಷ್ಟಾ ಮುಗಿದ ಮೇಲೆ ಗುಳಿಗೆ ಕೊಟ್ಟು, ಅವನ ಗಂಟಲು ಏರಿ ಇಳಿಯುವ ತನಕ ನೋಡುತ್ತ ನಿಲ್ಲುತ್ತಿದ್ದೆ. ವೈನಿಯೂ ನೋಡುತ್ತಿದ್ದಳು.

"ಬಿಪಿ ಇಳೀತಂದ್ರ ಕೈ ಎತ್ತೂದೂ ನಿಲ್ಲತೈತಿ, ನೋಡವಾ ಮೋಹಿನಿ."

ನಿಲ್ಲಲಿಲ್ಲ. "ಔಷಧ ಹತ್ತಾಕ ಟೈಮ್ ಬೇಕು," ಎಂದಳು, ತುಟಿಗೆ ಅರಿಶಿನ ಒತ್ತಿಕೊಂಡು.

ಮುಂದಿನ ತಪಾಸಣೆಗೆ ಮೂವರೂ ಹೋದೆವು. ಡಾಕ್ಟರು ಅಣ್ಣನ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದರು. "ಏಕ್‌ದಮ್ ನಾರ್ಮಲ್. ಐಸೇ ಹೀ ಲೇತೇ ರಹೋ," ಹೀಗೇ ನುಂಗುತ್ತಿರು ಎಂದರು.

ಹಾಗಾದರೆ ಹೊಡೆಯುವುದು ಯಾಕೆ ಎಂದು ವೈನಿ ತನಗೆ ಬಂದ ಹಿಂದಿಯಲ್ಲಿ ಕೇಳಿಯೇ ಬಿಟ್ಟಳು. "ಫಿರ್ ಮಾರತಾ ಕಾಯಕೋ, ಸಾಹೇಬ್?"

ಡಾಕ್ಟರು ಆಗ ಅವಳ ಹಣೆಯ ಕಲೆ ನೋಡಿದರು. ಪರದೆಯ ಆಚೆ ಕಾದಿದ್ದವರು ಕತ್ತು ಚಾಚಿ ಅಣ್ಣನನ್ನು ನೋಡಿದರು.

ಖೋಲಿಗೆ ಬಂದದ್ದೇ ಅಣ್ಣ ಚಿಲಕ ಹಾಕಿದ.

"ಮಂದ್ಯಾಗ ನನ್ನ ಮಾನ ಕಳೀತೀ?"

ಮೊದಲ ಏಟು ಬಾಯಿಗೆ. ವೈನಿ ಬಿದ್ದಳು. ಅವನು ಕುಕ್ಕರು ಎತ್ತಿಕೊಂಡ. ಮುಖಕ್ಕೆ ಅಡ್ಡ ಹಿಡಿದ ಅವಳ ಕೈಮೇಲೆ ಕುಟ್ಟಿದ. ಎಲುಬು ಮುರಿದದ್ದು ನನಗೆ ಕೇಳಿಸಿತು. ಅವನಿಗೂ ಕೇಳಿಸಿರಬೇಕು, ಆದರೂ ಮತ್ತೆ ಕುಟ್ಟಿದ. ನಾನು ಅವನ ಬೆನ್ನಿಗೆ ಜೋತುಬಿದ್ದು ಕಿವಿ ಕಚ್ಚಿದೆ. ಅವನು ಕೊಡವಿದ ರಭಸಕ್ಕೆ ನನ್ನ ಬಾಯಿ ಮೂಲೆಯ ಬಚ್ಚಲ ಮೋರಿಯ ಕಟ್ಟೆಗೆ ಬಡಿದು ಹಲ್ಲು ಉದುರಿತು.

ಆಮೇಲೆ ಏದುಸಿರು ಬಿಡುತ್ತ ಕುಳಿತು, ನನ್ನತ್ತ ಅಂಗೈ ಚಾಚಿದ.

"ಬಿಪಿ ಏರೈತಿ. ಗುಳಿಗಿ ಕೊಡ."

"ಮುಂಜಾನೆ ನುಂಗೀಯಲ್ಲ," ಎಂದೆ. ಬಾಯ್ತುಂಬ ರಕ್ತ. "ಇನ್ನ ನಾಳಿ ಮುಂಜಾನಿಗೇ."

ಎದ್ದು ಚಿಲಕ ತೆಗೆದೆ. ಬಾಗಿಲು ಬಡಿಯುತ್ತಿದ್ದ ಶೀಲಾವತಿಯಕ್ಕ ಒಳಗೆ ಬಂದು, ವೈನಿಯ ಕೈ ಮೊಣಕೈ ಕೆಳಗೆ ಬೇರೆಯೇ ದಿಕ್ಕಿಗೆ ತಿರುಗಿದ್ದನ್ನು ಕಂಡಳು.

"ಅಯ್ಯೋ ದೇವರೇ, ಬಿಪಿ..."

"ಅವಂದು ನಾರ್ಮಲ್ ಐತ್ರೀ ಅಕ್ಕಾ," ಎಂದಳು ವೈನಿ.

ಇಬ್ಬರೂ ಸೇರಿ ಅವಳನ್ನು ರಸ್ತೆಯ ತನಕ ನಡೆಸಿದೆವು. ರಿಕ್ಷಾದಲ್ಲಿ ಅವಳು ನನಗೆ ಒರಗಿ ಮೆಲ್ಲಗೆ ಕೇಳಿದಳು, "ನಾಳಿ ಅವಂಗ ಗುಳಿಗಿ ಯಾರ ಕೊಡತಾರ?"

"ಅವಂಗ ಎರಡೂ ಕೈ ಅದಾವಲ್ಲ, ವೈನಿ."

ರಿಕ್ಷಾದವನು ಹಿಂದೆ ತಿರುಗಿ ನೋಡಿ, ಕೇಳದೆಯೇ ಆಸ್ಪತ್ರೆಯ ಕಡೆ ಗಾಡಿ ತಿರುಗಿಸತೊಡಗಿದ. ವೈನಿ ಮುರಿದ ಕೈಯನ್ನು ಮಡಿಲಲ್ಲಿ ಹಿಡಿದು ನೆಟ್ಟಗೆ ಕುಳಿತಳು.

"ಪೈಲೇ ಪೊಲೀಸ್ ಚೌಕಿ, ಆಸ್ಪತ್ರಿ ಆಮ್ಯಾಲ," ಎಂದಳು.