ಬೂಟಿಗಂಟಿದ ಅಷೂರ್

ಗಾಜಿನ ಬಾಗಿಲನ್ನು ಒದ್ದು ಪುಡಿಪುಡಿ ಮಾಡಿ ಒಳನುಗ್ಗಿದ ಮಿಫ್ತಾಹ್, ಬಂದೂಕಿನ ಹಿಡಿಯಿಂದ ಹುವೈದಾಳ ಬಾಯಿಗೆ ಬಡಿದ. ಬೆಂಗಾಜಿಯ ಆ ಪ್ರಯೋಗಾಲಯದಲ್ಲಿ ಅವಳು, ಅವನು ಕೊಂದು ಹೂತಿದ್ದ ಅಷೂರನ ಮೂಳೆಯಿಂದ ಡಿಎನ್‌ಎ ತೆಗೆದು ಕೋಟಿಗಟ್ಟಲೆ ಪ್ರತಿ ಮಾಡಿದ್ದಳು.

"ಎಲ್ಲೇ ಅವನು? ಕೊಡ್ತೀಯೋ, ಬೆರಳು ಕತ್ತರಿಸ್ಲೋ?"

ಹುವೈದಾ ಮುರಿದ ಹಲ್ಲು ಉಗುಳಿ, ಪುಟ್ಟ ಕೊಳವೆಯೊಂದನ್ನು ಚಾಚಿದಳು. ಡಿಎನ್‌ಎ ಪ್ರತಿಗಳು ತುಂಬಿದ ಕೊಳವೆಯ ಮುಚ್ಚಳವನ್ನು ಆ ಕೋಣೆಯಲ್ಲಿ ಯಾರೂ ತೆರೆಯುತ್ತಿರಲಿಲ್ಲ. ಹನಿ ಸಿಡಿದರೆ ಮುಟ್ಟಿದಲ್ಲೆಲ್ಲ ಸತ್ತವನ ಗುರುತು ಅಂಟುತ್ತಿತ್ತು. ಮಿಫ್ತಾಹ್ ಅದನ್ನು ಬೂಟಿನಡಿ ಹಾಕಿ ಹೊಸಕಿದ.

"ಮುಗೀತು ಅವನ ಕಥೆ!"

"ಅಯ್ಯೋ ಮಂಕು ಮುಂಡೇದೇ, ಕೋಟಿ ಅಷೂರರು ನಿನ್ನ ಬೂಟಿಗೇ ಅಂಟಿದಾರೆ. ನೀನು ಕಾಲಿಟ್ಟಲ್ಲೆಲ್ಲ ಸಾಕ್ಷಿ ಹೇಳ್ತಾರೆ."

ಅವನು ಬೂಟು ಕಿತ್ತೆಸೆದು, ಗಾಜಿನ ಚೂರುಗಳ ಮೇಲೆ ಬರಿಗಾಲಲ್ಲೇ ಓಡಿದ. ಹುವೈದಾ ಹೊಸ ಕೊಳವೆ ತೆಗೆದುಕೊಂಡು, ನೆಲದಲ್ಲಿ ಉಳಿದ ಅವನ ರಕ್ತದತ್ತ ಬಾಗಿದಳು.