ಹೊಂಡದಾಗಿನ ತ್ವಾಳ

ಪರ್, ಪರ್ ಅಂತ ಯಾರೋ ಹಳೇ ಧೋತರ ಹರಿದಂಗ ಸಪ್ಪಳ, ಗಾಳಿಗೆ ತಾಡಪತ್ರಿ ಬಡ್ಕೊಳ್ಳಾಕತ್ತಿರಬೇಕು ಅಂತ ಅಮೋಘಿ ಅಂದ್ಕೊಂಡ, ಆದ್ರ ಗಾಳಿ ಎಲ್ಲೈತಿ, ಬಿಜ್ಜರಗಿ ಮಡ್ಡಿ ಮ್ಯಾಲ ಈ ಮಟಮಟ ಮಧ್ಯಾಹ್ನದಾಗ ಒಂದು ಹುಲ್ಲುಕಡ್ಡಿ ಅಳ್ಳಾಡವಲ್ದು — ಕುರಿ ಹೆಂಡ್ತಿ ಕಾಳವ್ವನ ಕಡೆ ಬಿಟ್ಟು ದ್ರಾಕ್ಷಿ ತ್ವಾಟದ ಹೊಂಡದ ಏರಿ ಹತ್ತಿ ಬಗ್ಗಿ ನೋಡ್ತಾನ, ನೀರಾಗ ತ್ವಾಳ, ಹೆಣ್ಣ ತ್ವಾಳ, ಹೊಂಡಕ್ಕ ಹಾಸಿದ ಕರೀ ತಾಡಪತ್ರಿಗೆ ಉಗುರು ಹಾಕತೈತಿ, ಜಾರತೈತಿ, ಮತ್ತ ಹಾಕತೈತಿ, ಉಗುರು ಎಳೆದಲ್ಲೆಲ್ಲ ಬೆಳ್ಳನ ಗೀರು. ಬಲಗಿವಿ ಹರಕ, ಅಂದ್ರ ಇದು ಅದs, ಹೋದ ವರ್ಷ ಕುರಿಮರಿ ಹೊತ್ತೊಯ್ದ ಕಳ್ಳಿ, ಅವತ್ತ ಕಾಳವ್ವ ಎದಿ ಬಡ್ಕೊಂಡು ಅತ್ತಾಗ ತಾನs ಹೇಳಿದ್ದ, ಬಿಡ ಬೇ, ತ್ವಾಳದ ಪಾಲು ತ್ವಾಳಕ್ಕ, ತ್ವಾಳ ಕೊಂದ ಹಟ್ಟಿ ಉದ್ಧಾರ ಆಗೂದಿಲ್ಲಂತ ನಮ್ಮಪ್ಪ ಹೇಳ್ತಿದ್ದ. ಈಗ ಕೊಲ್ಲೂದ ಬ್ಯಾಡ, ಸುಮ್ನ ನಿಂತ್ರ ಸಾಕು — ಥೂ, ಇದೆಂಥಾ ಯೋಚನಿ, ಹೊಟ್ಟಿ ಕೆಳಗ ನೋಡೋ ಮಬ್ಬ, ಮೊಲಿ ಜೋತಾವ, ಎಲ್ಲೋ ಗುದ್ದಿನ್ಯಾಗ ಮರಿ ಕುಂತಾವ, ತಾಯಿ ನೀರು ಕುಡ್ಯಾಕ ಹೋಗ್ಯಾಳ ಅಂತ. ಹೌದು, ಮೊದಲು ಇಲ್ಲೇ ನೀರಿತ್ತಲ್ಲ, ಮಳಿ ನೀರು ನಿಲ್ಲೋ ಮಣ್ಣಿನ ತಗ್ಗು, ಮುಂಜಾನಿ ಕುರಿ, ಹೊತ್ತೇರಿದ ಮ್ಯಾಲ ಚಿಗರಿ, ಮುಳುಗೋ ಹೊತ್ತಿಗೆ ತ್ವಾಳ, ಒಬ್ಬರ ಪಾಳಿಗೆ ಒಬ್ಬರು ಅಡ್ಡ ಬರ್ತಿರಲಿಲ್ಲ, ಆಮ್ಯಾಲ ಜೇಸಿಬಿ ಬಂತು, ಬಾರಿಗಿಡ ಕಾರಿಗಿಡ ಬೇರು ಸಹಿತ ಹೋದವು, ಮಡ್ಡಿ ಸಪಾಟ ಆತು, ಬೇಲಿ ಬಂತು, ತಗ್ಗಿನ ಜಾಗಾದಾಗ ಈ ಹೊಂಡ ಆತು. ಅಮೋಘಿಯ ಕುರೀನೂ ಇನ್ನೂ ಬೇಲಿ ಹತ್ರ ಬಂದ್ರ ಹಳೇ ನೀರಿನ ಕಡೆ ಮಾರಿ ತಿರುವಿ ನಿಲ್ತಾವ. ತ್ವಾಟದ ಮಾಲಕ ಸೈಫುದ್ದೀನ ಸಾಹೇಬ್ರು ಕೆಟ್ಟವರಲ್ಲ, ಕುರಿಗೆ ಅಂತ ಹೊರಗ ತೊಟ್ಟಿ ಕಟ್ಟಿಸ್ಯಾರ, ತ್ವಾಳಕ್ಕ ಕಟ್ಟಿಸೋರು ಯಾರು, ಅದು ಬೇಲಿ ಬುಡಕ್ಕ ಕೆದರಿ ನುಸುಳೈತಿ. ಅವರಿಗೆ ಫೋನ್ ಹಚ್ಚಿದ್ರ ಅಂದ್ರು, ವಿಜಾಪುರದಾಗ ಜೋರಾಪುರ ಪೇಟ್ಯಾಗ ಅದೀನೋ, ನಿಚ್ಚಣಿಕಿ ಹಾಕ್ಕೊಂಡು ಬರ್ತೀನಿ, ನೀ ಮಾತ್ರ ಇಳೀಬ್ಯಾಡಪಾ, ನೀನೂ ಜಾರತೀ — ಅಲ್ಲಿಂದ ಅವರು ಬರೂಮಟ ಇದರ ಉಸರು ಇರತೈತೇನು, ಆಗಲೇ ಮೂಗಷ್ಟೇ ಮ್ಯಾಲ ಕಾಣತೈತಿ.

ಜಾಳಿಗಿ! ಕುದರಿ ಮ್ಯಾಲ ಹೇರಿದ್ದ ದೊಡ್ಡಿ ಜಾಳಿಗಿ, ರಾತ್ರಿ ಕುರಿ ಸುತ್ತ ಕಟ್ಟೋ ಹಗ್ಗದ ಬಲಿ, ಇದಕಿಂತ ಛಲೋ ಏಣಿ ಬೇಕೇನು, ಓಡಿ ತಂದ, ಬೇಲಿ ಕಂಬಕ್ಕ ಬಿಗಿದ, ತುದಿ ನೀರಿಗೆ ಒಗದ, ಧಡ್ ಅಂತು — ತ್ವಾಳ ಅದನ್ನ ನೋಡಿದ್ದs ತಡ ಹಲ್ಲು ಕಿಸಿದು ಹಿಂದಕ್ಕ ತಿರುಗಿತು, ಅತ್ತ, ಆಚೀ ದಂಡಿಗೆ, ಆಳದ ಕಡೆ. ಅಯ್ಯೋ ಹುಚ್ಚಪ್ಪ, ಹುಟ್ಟಾ ಕುರುಬ ನೀನು, ಇಷ್ಟೂ ತಿಳೀಲಿಲ್ಲೇನು, ಆ ಜಾಳಿಗಿ ಅಂದ್ರ ಅದಕ್ಕ ನಾಯಿ, ಬಡಿಗಿ, ಕವಣಿಕಲ್ಲು, ಸಣ್ಣಂದಿನಿಂದ ಅದಕ್ಕ ಅಂಜೂದs ಕಲಿಸಿದವ್ರು ನಾವs. ಕಾಳವ್ವ ಏರಿ ಹತ್ತಿ ಬಂದು ನೋಡಿದ್ಲು, ಬೈತಾಳ ಅಂದ್ಕೊಂಡಿದ್ದ, ಬೈಲಿಲ್ಲ, ನೀ ಸರಿ ಅತ್ತ, ನಿನ್ನ ಕಂಡು ಅಂಜತೈತಿ, ನಾ ಮಕ್ಕೊಂಡು ನೋಡ್ತೀನಿ ಅಂದ್ಲು. ಅಮೋಘಿ ಏರಿ ಕೆಳಗ ಬೆನ್ನ ತಿರುಗಿಸಿ ಕುಂತ, ಕಿವಿ ಮಾತ್ರ ಮ್ಯಾಲ, ಪರ್ ಅಂತೈತಿ, ಆದ್ರ ಜಾಳಿಗಿ ಕಡಿಂದಲ್ಲ, ಆಚೀ ಮೂಲ್ಯಾಗ, ಪರ್, ಅವನ ಬಾಯಿಂದ ತಾನs ಮಾತು ಬಂತು, ಬಾ ನಮ್ಮವ್ವ, ಇವತ್ತ ಅದು ಜಾಳಿಗಿ ಅಲ್ಲ, ದಾರಿ, ಬಾ. ಪರ್. ಆಮ್ಯಾಲ ಇಲ್ಲ. ಹತ್ತಿ ಬಂತೇನ ಬೇ ಅಂದ, ಕಾಳವ್ವನ ಸೆರಗು ಬಾಯಿಗೆ ಹೋಗೈತಿ, ತಾನs ಎದ್ದು ನೋಡಿದ — ಜಾಳಿಗಿ ನೀರಿಗೆ ತಾಗಿದ ತುದಿ ಬಿಟ್ರ ಎಲ್ಲಾ ಒಣಾ, ನೀರು ಸುಮ್ಮನ ಐತಿ, ಮೂಗೂ ಕಾಣವಲ್ದು, ಆಚೀ ಮೂಲ್ಯಾಗ ಕರೀ ತಾಡಪತ್ರಿ ಮ್ಯಾಲ ಬೆಳ್ಳನ ಗೀರು, ಗೇಣುದ್ದ ಮ್ಯಾಲ ಹತ್ತಿ ಕೆಳಗಿಳಿದ ಗೀರು, ಅದರ ಬಾಜೂಕ ಇನ್ನೊಂದು, ಮರಿ ದಾರಿ ಕಾಯ್ತಾವಲ್ಲೋ, ಬೆಳ್ಳನ ಗೀರು, ಎಲ್ಲಾ ಗೀರೂ ನೀರಿಗೇ ಇಳಿದಾವ.