ಜಾಲರಿಯ ಆಚೆ ಈಚೆ

ನಮ್ಮೂರಿನ ಸಿಂಗಾಪುರ ಲೇಔಟ್ ಪಕ್ಕದ ಕೆರೆಗೆ ಪ್ರವೇಶ ಶುಲ್ಕ ಇಡಲೇಬೇಕೆಂದು ನಿವಾಸಿಗಳ ಸಭೆಯಲ್ಲಿ ಗಂಟಲು ಹರಿದುಕೊಂಡವರು ನಮ್ಮ ಶೇಖರಪ್ಪನವರೇ. ಗದಗಿನಿಂದ ಬಂದು, ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಮನುಷ್ಯ, ಶಿಸ್ತೆಂದರೆ ಪ್ರಾಣ. ದುಡ್ಡಿಲ್ಲದೆ ಶೌಚಾಲಯ ತೊಳೆಯುವವರು ಯಾರು, ಬಾಟಲಿ ಒಡೆಯುವ ಪುಂಡರನ್ನು ತಡೆಯುವವರು ಯಾರು ಎಂಬುದು ಅವರ ವಾದ. ಅದರಲ್ಲಿ ತಪ್ಪೇನೂ ಇರಲಿಲ್ಲ. ಶುಲ್ಕ ಬಂತು, ಕೆರೆ ಚೊಕ್ಕಟವಾಯಿತು. ಆದರೆ ದಿನಾ ಬೆಳಿಗ್ಗೆ ಅವರ ಜೊತೆ ನಡೆಯುತ್ತಿದ್ದ ಗುಲಾಮ್ ರಸೂಲ್ ಗೇಟಿನ ಹೊರಗೇ ಉಳಿದರು.

ರಸೂಲ್ ಸಾಹೇಬರದು ಬಟ್ಟೆ ಅಂಗಡಿ. ದುಡ್ಡಿಗೆ ಬರವಿಲ್ಲ, ಹಟಕ್ಕಂತೂ ಬರವೇ ಇಲ್ಲ. "ಕೆರೆ ಏನ್ ಸಿನಿಮಾನಾ, ಟಿಕೆಟ್ ತಗೊಂಡು ನೋಡೋಕೆ? ನಾ ಬರಲ್ಲ ಕಣ್ರೀ," ಎಂದವರೇ ಕೆರೆ ಸುತ್ತಲಿನ ತಂತಿ ಜಾಲರಿಯ ಆಚೆ ರಸ್ತೆಯಲ್ಲಿ, ಚರಂಡಿ ದಾಟುತ್ತ, ಸ್ಕೂಟರುಗಳಿಗೆ ದಾರಿ ಬಿಡುತ್ತ ನಡೆಯತೊಡಗಿದರು. ಶೇಖರಪ್ಪನವರು ಒಳಗೆ, ಕಲ್ಲುಹಾಸಿನ ಮೇಲೆ. ಸೊಸೆಯಂದಿರು, ರಾಜಕೀಯ, ಬಿಸಿಲು ಎಲ್ಲದರ ಮಾತೂ ಜಾಲರಿಯ ಮೂಲಕವೇ ಆಗುತ್ತಿತ್ತು. ಬಿದಿರಿನ ಮೆಳೆ ಅಡ್ಡ ಬಂದಲ್ಲಿ ಮಾತು ಕಡಿಯುತ್ತಿತ್ತು; ಮುಂದೆ ಹೋದವರು ನಿಂತು ಇನ್ನೊಬ್ಬರಿಗೆ ಕಾಯುತ್ತಿದ್ದರು. ನೋಡಿದವರು ನಗುತ್ತಿದ್ದರು, ಇವರಿಗೆ ಪರಿವೆಯೇ ಇಲ್ಲ.

ಕೊನೆಗೆ ಶೇಖರಪ್ಪನವರ ಕರುಳು ಕೇಳಲಿಲ್ಲ. ಗುಂಪಿನ ಫೋಟೋದಿಂದ ಗೆಳೆಯನ ಮುಖ ಕತ್ತರಿಸಿ ಕೊಟ್ಟು, ಗುಟ್ಟಾಗಿ ವರ್ಷದ ಪಾಸ್ ಮಾಡಿಸಿ, ಜಾಲರಿಯ ಸಂದಿಯಿಂದ ತೂರಿಸಿದರು.

"ತಗೋರಿ ಸಾಹೇಬ್ರ. ನೀವೇನೂ ಕೊಡೋದು ಬ್ಯಾಡ."

ರಸೂಲರ ಮುಖ ಸಪ್ಪಗಾಯಿತು. "ನೀವು ಕೊಡಿಸಿದ್ರೆ ನಾನು ನಿಮ್ಮ ಅತಿಥಿಯಾಗಿ ಒಳಗೆ ಬರ್ಬೇಕು. ನಾನು ಹುಟ್ಟಿದ್ದೇ ಈ ಕೆರೆ ದಂಡೇಲಿ, ಶೇಖರಪ್ಪನೋರೇ. ನೀವು ಬಂದು..." ಉಳಿದ ಮಾತನ್ನು ನುಂಗಿಕೊಂಡು, ಪಾಸನ್ನು ವಾಪಸು ತೂರಿಸಿ ಹೊರಟುಹೋದರು.

ಮರುದಿನದಿಂದ ಅವರ ಸುಳಿವೇ ಇಲ್ಲ. ಶೇಖರಪ್ಪನವರು ಆ ಚೊಕ್ಕ ದಾರಿಯಲ್ಲಿ ಒಬ್ಬರೇ ಸುತ್ತಿದರು. ಮೆಳೆ ದಾಟಿದಾಗಲೆಲ್ಲ ಕಾಲು ತಾನಾಗಿ ನಿಲ್ಲುತ್ತಿತ್ತು. ತಾವು ಹೋರಾಡಿ ಚಂದ ಮಾಡಿಸಿದ ಕೆರೆಯೇ ಅವರಿಗೆ ಬೇಡವಾಯಿತು. ವಾರ ತುಂಬುವ ಮೊದಲೇ ಹೋಗಿ ರಸೂಲರ ಬಾಗಿಲು ತಟ್ಟಿದರು.

"ತಪ್ಪಾತು ಸಾಹೇಬ್ರ. ಏಳ್ರಿ, ನಾನೂ ರಸ್ತೆದಾಗ ನಡೀತೀನಿ."

"ನಿಮ್ಮ ಮಂಡಿನೋವು?"

"ಮಂಡಿಗೆ ಏನಾಕ್ಕೈತ್ರಿ? ನೀವಿಲ್ದ ಜೀವಕ್ಕ ಸಮಾಧಾನ ಇಲ್ಲ."

ರಸೂಲ್ ಚಪ್ಪಲಿ ಮೆಟ್ಟಿದರು. ರಸ್ತೆಗೆ ಬಂದೊಡನೆ ಶೇಖರಪ್ಪನವರ ತೋಳು ಹಿಡಿದು ಜಾಲರಿಯ ಬದಿಗೆ ಸರಿಸಿ, ತಾವು ವಾಹನಗಳ ಬದಿಗೆ ನಡೆದರು.

"ಆದ್ರೂ ಶುಲ್ಕ ಇರಬೇಕ್ರೀ," ಎಂದರು ಶೇಖರಪ್ಪ, ಸ್ವಲ್ಪ ದೂರ ಹೋದ ಮೇಲೆ.

"ಯಾಕ್ ಇರ್ಬೇಕು, ಹೇಳಿ ನೋಡೋಣ," ಎಂದರು ರಸೂಲ್; ಹಿಡಿದ ತೋಳು ಬಿಡಲಿಲ್ಲ.